ಬಿಳಿ ಬೆಣ್ಣೆ, ಹಳದಿ ಬೆಣ್ಣೆ

‘ಬೆಣ್ಣೆ ರೂಮ್ ಟೆಂಪರೇಚರಿನಲ್ಲಿರಲಿ’ ಎಂಬ ಮಾತು ಕೇಕ್ ಕಲಿಸುವ ವಿಡಿಯೊಗಳಲ್ಲೆಲ್ಲ ಬರುತ್ತದೆ. ಯಾವ ಊರಿನ ರೂಮು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಬೆಣ್ಣೆಯನ್ನು ಫ್ರಿಜ್ಜಿನಿಂದ ತೆಗೆದು ಕಟ್ಟೆಯ ಮೇಲಿಟ್ಟು, ಮೈದಾ ಜರಡಿ ಹಿಡಿದು, ಸಕ್ಕರೆ ಅಳೆದು ತಿರುಗುವಷ್ಟರಲ್ಲಿ ಅದು ತಟ್ಟೆ ತುಂಬ ಹರಿದಿರುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ನಸುಕಿಗೆ ತೆಗೆದಿಟ್ಟ ಬೆಣ್ಣೆಗೆ ತಿಂಡಿಯ ಹೊತ್ತು ದಾಟಿದರೂ ಚಾಕು ಸಲೀಸಾಗಿ ಇಳಿಯುವುದಿಲ್ಲ. ಆ ಪಾಕ ಹುಟ್ಟಿದ್ದು 20 ಡಿಗ್ರಿ ಆಸುಪಾಸಿನ ಯಾವುದೋ ತಣ್ಣನೆಯ ದೇಶದ ಅಡುಗೆಮನೆಯಲ್ಲಿ. ಅದನ್ನು ನಮ್ಮ ಸೆಖೆಯಲ್ಲಿ, ನಮ್ಮ ಬೆಣ್ಣೆಯಲ್ಲಿ ಮಾಡಹೊರಟಾಗ ಕೇಕು ನಡುವೆ ಕುಸಿಯುತ್ತದೆ, ಬಿಸ್ಕತ್ತು ತಟ್ಟೆಯಲ್ಲಿ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬೈಸಿಕೊಳ್ಳುವುದು ಪಾಪದ ಓವನ್.

ಮನೆಯಲ್ಲಿ ಬೇಕಿಂಗ್ ಮಾಡುವವರ ಸಂಖ್ಯೆ ಕೊರೊನಾ ದಿನಗಳಿಂದೀಚೆಗೆ ಎಷ್ಟು ಹೆಚ್ಚಿದೆ ಎಂಬುದಕ್ಕೆ ಅಂಕಿ-ಅಂಶ ಬೇಕಿಲ್ಲ, ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪುಗಳನ್ನು ನೋಡಿದರೆ ಸಾಕು. ಮೈದಾ ಯಾವ ಕಂಪನಿಯದು, ಕೋಕೋ ಯಾವ ದೇಶದ್ದು ಎಂದೆಲ್ಲ ಅಲ್ಲಿ ಚರ್ಚೆಯಾಗುತ್ತದೆ. ಬೆಣ್ಣೆ ಮಾತ್ರ ಬರೀ ‘ಬೆಣ್ಣೆ’. ಆದರೆ ಸಂತೆಯಲ್ಲಿ ಮುತ್ತುಗದ ಎಲೆಯ ಮೇಲೆ ಕೂತ ಬಿಳಿ ಉಂಡೆ, ಬೂತಿನಲ್ಲಿ ಸಿಗುವ ಉಪ್ಪಿನ ಹಳದಿ ಇಟ್ಟಿಗೆ, ಅದರ ಪಕ್ಕದ ಉಪ್ಪಿಲ್ಲದ ಪೊಟ್ಟಣ ಈ ಮೂರೂ ಒಲೆಯ ಮೇಲೆ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. ನನ್ನ ಮಟ್ಟಿಗೆ ಬೆಣ್ಣೆಯ ವಿದ್ಯೆಯೆಲ್ಲ ಎರಡು ಪ್ರಶ್ನೆಯಲ್ಲಿ ಅಡಗಿದೆ: ಅದರಲ್ಲಿ ನೀರೆಷ್ಟಿದೆ, ಅದು ಎಷ್ಟು ಬಿಸಿಯಾಗಿದೆ. ಮೊಸರು ಕಡೆಯುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಎರಡೂ ಬೆರಳ ತುದಿಯಲ್ಲೇ ಗೊತ್ತಾಗುತ್ತಿತ್ತು. ನಾವು ಪೊಟ್ಟಣದ ಹಿಂಬದಿ ಓದಬೇಕು, ಅಷ್ಟೇ.

ಕಡೆಗೋಲಿನ ಕೆಲಸ

ಹಾಲಿನಲ್ಲಿ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಪ್ರತಿ ಗುಂಡಿಗೂ ಒಂದು ತೆಳುವಾದ ಪೊರೆ. ಕಡೆಯುವಾಗ ಆ ಪೊರೆ ಹರಿದು, ಒಳಗಿನ ಕೊಬ್ಬು ಒಂದಕ್ಕೊಂದು ಅಂಟುತ್ತ ಹೋಗುತ್ತದೆ. ಹಾಲಿನಲ್ಲಿ ನೀರಿನೊಳಗೆ ಕೊಬ್ಬಿತ್ತು, ಬೆಣ್ಣೆಯಲ್ಲಿ ಕೊಬ್ಬಿನೊಳಗೆ ನೀರು. ಈ ಅದಲುಬದಲು ಆಗಬೇಕಾದರೆ ಕೊಬ್ಬು ಪೂರ್ತಿ ಗಟ್ಟಿಯೂ ಇರಬಾರದು, ಪೂರ್ತಿ ಕರಗಿಯೂ ಇರಬಾರದು. ಡೇರಿಗಳು ಕೆನೆಯನ್ನು 10ರಿಂದ 15 ಡಿಗ್ರಿಯ ಆಸುಪಾಸಿಗೆ ತಂದು ಕಡೆಯುವುದು ಅದಕ್ಕೇ. ಬೇಸಿಗೆಯಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ಗಡಿಗೆಗೆ ತಣ್ಣೀರು ಬೆರೆಸಿ ಕಡೆಯುತ್ತಿದ್ದವರು, ಚಳಿಗಾಲದಲ್ಲಿ ‘ಬೆಣ್ಣೆ ಬರ್ತಾನೇ ಇಲ್ಲ’ ಎಂದು ಒಂದು ಲೋಟ ಉಗುರುಬೆಚ್ಚಗಿನ ನೀರು ಸುರಿಯುತ್ತಿದ್ದವರು ಮಾಡುತ್ತಿದ್ದದ್ದೂ ಇದನ್ನೇ. ಉಡುಪಿಯ ಕೃಷ್ಣ ಕೈಯಲ್ಲಿ ಕಡೆಗೋಲು ಹಿಡಿದು ನಿಂತಿದ್ದಾನೆ. ಥರ್ಮಾಮೀಟರಂತೂ ಅವನ ಕೈಯಲ್ಲೂ ಇಲ್ಲ.

ಈಗ ಕಡೆಗೋಲಿನ ಜಾಗದಲ್ಲಿ ಮಿಕ್ಸಿ ಬಂದಿದೆ. ಒಂದು ವಾರ ಕೂಡಿಟ್ಟ ಕೆನೆಗೆ ಒಂದು ಚಮಚ ಮೊಸರು ಹಾಕಿ ರಾತ್ರಿ ಹೊರಗಿಟ್ಟು ಹೆಪ್ಪಾಗಿಸಿ, ಬೆಳಿಗ್ಗೆ ಒಂದೆರಡು ಗಂಟೆ ಫ್ರಿಜ್ಜಿನಲ್ಲಿಟ್ಟು ತಣಿಸಿ, ದೊಡ್ಡ ಜಾರಿಗೆ ಅರ್ಧದಷ್ಟು ಮಾತ್ರ ತುಂಬಿ. ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಮೊದಲು ಕೆನೆ ಉಬ್ಬಿ ದಪ್ಪವಾಗಿ ಬ್ಲೇಡು ಸದ್ದಿಲ್ಲದೆ ತಿರುಗುವಂತಾಗುತ್ತದೆ. ಇಲ್ಲಿ ಹೆದರಿ ನಿಲ್ಲಿಸಿದವರಿಗೆ ಸಿಗುವುದು ವಿಪ್ಡ್ ಕ್ರೀಮು. ಒಂದು ಲೋಟ ಐಸ್ ನೀರು ಸುರಿದು ಮತ್ತೆ ನಾಲ್ಕು ಸುತ್ತು ಕೊಟ್ಟರೆ ಸದ್ದು ಒಮ್ಮೆಲೇ ಬದಲಾಗುತ್ತದೆ: ಜಾರಿನೊಳಗೆ ನೀರು ಛಳಛಳ ಎನ್ನತೊಡಗುತ್ತದೆ, ಮುಚ್ಚಳದ ಗಾಜಿಗೆ ರವೆಯಂಥ ಕಾಳುಗಳು ಸಿಡಿಯುತ್ತವೆ. ಆಗ ನಿಲ್ಲಿಸಿ. ಇನ್ನೂ ತಿರುಗಿಸಿದರೆ ಬ್ಲೇಡಿನ ಬಿಸಿಗೆ ಬೆಣ್ಣೆ ಜಿಡ್ಡುಜಿಡ್ಡಾಗಿ ಜಾರಿನ ಗೋಡೆಗೆ ಮೆತ್ತಿಕೊಳ್ಳುತ್ತದೆ.

ಇಲ್ಲಿಯವರೆಗಿನದು ಎಲ್ಲರೂ ಮಾಡುತ್ತಾರೆ. ಹೆಚ್ಚಿನವರು ಅವಸರ ಮಾಡುವುದು ಇದರ ಮುಂದಿನ ಹಂತದಲ್ಲಿ. ಎತ್ತಿದ ಬೆಣ್ಣೆಯನ್ನು ತಣ್ಣೀರಿನಲ್ಲಿ ತೊಳೆಯಬೇಕು, ನೀರು ತಿಳಿಯಾಗುವ ತನಕ ನೀರು ಬದಲಿಸುತ್ತ ತೊಳೆಯಬೇಕು. ಉಳಿದ ಮಜ್ಜಿಗೆಯೇ ಬೆಣ್ಣೆ ಬೇಗ ಹುಳಿಯಲು, ಕಮಟಲು ಮೂಲ. ಆಮೇಲೆ ಅಂಗೈಯಲ್ಲಿ ಒತ್ತಿ ಒತ್ತಿ ಉಂಡೆ ಮಾಡುವಾಗ ಬೆರಳ ಸಂದಿಯಿಂದ ಸಣ್ಣ ಹನಿಗಳು ಜಿನುಗುತ್ತವೆ. ಆ ಹನಿಗಳು ನಿಲ್ಲುವವರೆಗೂ ಬಿಡಬಾರದು. ತುಪ್ಪಕ್ಕಾದರೆ ಈ ಕಷ್ಟ ಬೇಡ, ಒಲೆಯೇ ನೀರನ್ನು ಓಡಿಸುತ್ತದೆ. ಬೇಕಿಂಗಿಗಾದರೆ ಬೇಕೇ ಬೇಕು.

ಅಂದಹಾಗೆ, ವಿದೇಶಿ ಸಾಮಾನಿನ ಅಂಗಡಿಗಳಲ್ಲಿ ‘ಕಲ್ಚರ್ಡ್ ಬಟರ್’ ಎಂದು ಬರೆದ ಪುಟ್ಟ ಪೊಟ್ಟಣಕ್ಕೆ ದೊಡ್ಡ ಬೆಲೆ ಕೊಡುತ್ತಾರೆ. ಫ್ರಾನ್ಸ್, ಡೆನ್ಮಾರ್ಕ್ ಕಡೆಯ ಪದ್ಧತಿ ಅದು. ಕೆನೆಗೆ ಹೆಪ್ಪು ಹಾಕಿ, ಹುಳಿ ಬಂದ ಮೇಲೆ ಕಡೆದ ಬೆಣ್ಣೆ. ಮೊಸರು ಕಡೆದು ನಾವು ತೆಗೆಯುವ ಬೆಣ್ಣೆ ಅದಕ್ಕಿಂತ ಬೇರೆಯಲ್ಲ. ಹೆಪ್ಪಿನ ಬ್ಯಾಕ್ಟೀರಿಯಾಗಳು ಡಯಾಸಿಟೈಲ್ ಎಂಬ ವಸ್ತುವನ್ನು ತಯಾರಿಸುತ್ತವೆ. ‘ಬೆಣ್ಣೆ ಘಮ’ ಎಂದು ನಾವು ಗುರುತಿಸುವುದರ ಬಹುಪಾಲು ಅದೇ. ಸಿಹಿ ಕೆನೆಯಿಂದ ನೇರವಾಗಿ ತೆಗೆದ ಕಾರ್ಖಾನೆ ಬೆಣ್ಣೆಗೆ ಆ ಘಮ ತಾನಾಗಿ ಬರುವುದಿಲ್ಲ.

ಇದು ಅಮೂಲ್‌ನವರಿಗೂ ಪಾಠ ಕಲಿಸಿದ ಸಂಗತಿ. ವರ್ಗೀಸ್ ಕುರಿಯನ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ: ಆಣಂದದ ಸಹಕಾರಿ ಸಂಘದವರು ತಾಜಾ ಕೆನೆಯಿಂದ ಬೆಣ್ಣೆ ತೆಗೆದು ಮುಂಬೈ ಮಾರುಕಟ್ಟೆಗೆ ಬಿಟ್ಟಾಗ ಗಿರಾಕಿಗಳಿಗೆ ಅದು ಸಪ್ಪೆ ಎನಿಸಿತು. ಅವರ ನಾಲಿಗೆಗೆ ಪಾಲ್ಸನ್ ಬೆಣ್ಣೆ ಹತ್ತಿತ್ತು. ಪಾಲ್ಸನ್ ಕಂಪನಿ ಹಲವು ದಿನ ಹುಳಿಯಲು ಬಿಟ್ಟ ಕೆನೆಯಿಂದ ಬೆಣ್ಣೆ ತೆಗೆದು, ಉಪ್ಪು ಬೆರೆಸಿ ಮಾರುತ್ತಿತ್ತು. ಕೊನೆಗೆ ತಾಜಾ ಕೆನೆಯ ಬೆಣ್ಣೆಗೆ ಉಪ್ಪನ್ನೂ ಡಯಾಸಿಟೈಲನ್ನೂ ಸೇರಿಸಿಯೇ ಗೆಲ್ಲಬೇಕಾಯಿತು. ಬಣ್ಣದ ಕಥೆಯೂ ಹೀಗೇ. ಆಕಳು ಹುಲ್ಲಿನಲ್ಲಿರುವ ಕ್ಯಾರೊಟಿನ್ ಅನ್ನು ಹಾಗೇ ಹಾಲಿಗೆ ಬಿಡುತ್ತದೆ, ಬೆಣ್ಣೆ ಹಳದಿಯಾಗುತ್ತದೆ. ಎಮ್ಮೆ ಅದನ್ನು ಎ ಜೀವಸತ್ವವಾಗಿ ಬದಲಾಯಿಸಿಬಿಡುವುದರಿಂದ ಅದರ ಬೆಣ್ಣೆ ಸುಣ್ಣದಂತೆ ಬಿಳಿ. ಗಿರಾಕಿಗೆ ಹಳದಿಯೇ ಬೇಕು, ಹಾಗಾಗಿ ಬಣ್ಣ ಬೆರೆಯಿತು. ಇಂದಿಗೂ ‘ಹಳದಿ ಇದ್ದರೆ ಒಳ್ಳೆ ಬೆಣ್ಣೆ’ ಎಂದು ನಂಬಿದವರು ಬಹಳ ಮಂದಿ. ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದಕ್ಕೆ ಸುಣ್ಣ ಎನ್ನುತ್ತೇವಲ್ಲ, ಬೆಣ್ಣೆ ಬೆಣ್ಣೆಯ ನಡುವೆಯೇ ನಾವು ಆ ಭೇದ ಮಾಡಿಬಿಟ್ಟಿದ್ದೇವೆ.

ಪೊಟ್ಟಣದ ಹಿಂಬದಿ

ಭಾರತದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಪೊಟ್ಟಣದ ಟೇಬಲ್ ಬೆಣ್ಣೆಯಲ್ಲಿ ಹಾಲಿನ ಕೊಬ್ಬು ಕನಿಷ್ಠ 80 ಶೇಕಡ ಇರಬೇಕು, ನೀರು 16 ಶೇಕಡ ಮೀರಬಾರದು, ಉಪ್ಪು 3 ಶೇಕಡದೊಳಗೆ. ಅಡುಗೆಯ ಬಿಳಿ ಬೆಣ್ಣೆಗೆ ಕನಿಷ್ಠ ಕೊಬ್ಬು 76 ಶೇಕಡ. ಮನೆಯಲ್ಲಿ ಅರೆಬರೆ ಹಿಂಡಿದ ಉಂಡೆಯಲ್ಲಿ ನೀರು ಇದಕ್ಕಿಂತಲೂ ಹೆಚ್ಚಿರಬಹುದು. ನಾಲ್ಕು ಶೇಕಡ ಏನು ಮಹಾ ಎನ್ನಬೇಡಿ. ಮೈದಾಗೆ ನೀರು ತಾಗಿದರೆ ಅಂಟು ಹುಟ್ಟುತ್ತದೆ, ಕೊಬ್ಬು ತಾಗಿದರೆ ಅಂಟು ಹುಟ್ಟದಂತೆ ತಡೆಯುತ್ತದೆ. ಬಿಸ್ಕತ್ತು ಬಾಯಲ್ಲಿ ಉದುರುವುದೋ ಹಲ್ಲಿಗೆ ಜಗ್ಗುವುದೋ ಇದರ ಮೇಲೆ ನಿಂತಿದೆ. ನಾನ್‌ಖಟಾಯಿಗೆ ಬೆಣ್ಣೆಯ ಬದಲು ತುಪ್ಪ ಹಾಕುವ ಪದ್ಧತಿ ಏಕೆ ಉಳಿದಿದೆ ಎಂದರೆ ತುಪ್ಪದಲ್ಲಿ ನೀರೇ ಇಲ್ಲ. ಅದಕ್ಕೇ ಅದು ತುಟಿಗೆ ತಾಗಿದರೆ ಪುಡಿಯಾಗುವಷ್ಟು ಹಗುರ.

ಹಾಗಾಗಿ ಒಂದರ ಬದಲು ಇನ್ನೊಂದು ಹಾಕುವಾಗ ತೂಕಕ್ಕೆ ತೂಕ ಸಮ ಮಾಡುವುದು ತಪ್ಪು ಲೆಕ್ಕ. 100 ಗ್ರಾಂ ಬೆಣ್ಣೆ ಎಂದು ಪಾಕದಲ್ಲಿದ್ದರೆ ತುಪ್ಪವಾದರೆ 80 ಗ್ರಾಂ ಸಾಕು, ಕೇಕಿನ ಹಿಟ್ಟಾದರೆ ಜೊತೆಗೆ ಒಂದು ದೊಡ್ಡ ಚಮಚದಷ್ಟು ಹಾಲು. ಎಣ್ಣೆಗೂ ಇದೇ ಲೆಕ್ಕ.

ಉಪ್ಪಿನ ವಿಚಾರ ಇನ್ನೂ ಸರಳ. ಪೇಟೆಯ ಉಪ್ಪಿನ ಬೆಣ್ಣೆಯ 100 ಗ್ರಾಮಿನಲ್ಲಿ ಸಾಮಾನ್ಯವಾಗಿ 2 ಗ್ರಾಮಿನಷ್ಟು ಉಪ್ಪಿರುತ್ತದೆ, ಹೆಚ್ಚುಕಮ್ಮಿ ಟೀ ಚಮಚದ ಮೂರನೇ ಒಂದು ಭಾಗ. ಬ್ರೆಡ್ಡಿಗೆ ಸವರಲು ಅದು ಚೆನ್ನ. ಕೇಕಿಗೆ ಹಾಕಿದರೆ ವೆನಿಲಾದ ಹಿಂದೆ ಒಂದು ಉಪ್ಪುಪ್ಪು ನೆರಳು ಉಳಿಯುತ್ತದೆ, ಮೇಲೆ ಹಚ್ಚುವ ಬಟರ್ ಕ್ರೀಮಿಗೆ ಹಾಕಿದರಂತೂ ತಿಂದವರೇ ಹೇಳುತ್ತಾರೆ. ನಂದಿನಿ ಸೇರಿದಂತೆ ಎಲ್ಲ ದೊಡ್ಡ ಬ್ರ್ಯಾಂಡುಗಳೂ ಉಪ್ಪಿಲ್ಲದ ಬೆಣ್ಣೆ ಮಾರುತ್ತವೆ. ಅಂಗಡಿಯಾತ ಮುಂದೆ ಇಟ್ಟಿರುವುದಿಲ್ಲ, ಕೇಳಿ ತೆಗೆಸಿಕೊಳ್ಳಬೇಕು.

ಗಾಳಿ ಹಿಡಿಯುವ ಹದ

ಕೇಕಿಗೆ ಬೆಣ್ಣೆ ಸಕ್ಕರೆ ಸೇರಿಸಿ ಬೀಟ್ ಮಾಡುವುದು ಬರೀ ಬೆರೆಸಲಿಕ್ಕಲ್ಲ. ಸಕ್ಕರೆಯ ಹರಳಿನ ಚೂಪು ಅಂಚುಗಳು ಬೆಣ್ಣೆಯೊಳಗೆ ಗಾಳಿಯನ್ನು ಎಳೆದುಕೊಂಡು ಹೋಗಿ ಗುಳ್ಳೆ ಮಾಡುತ್ತವೆ. ಬೇಕಿಂಗ್ ಪೌಡರ್ ಹೊಸ ಗುಳ್ಳೆ ಹುಟ್ಟಿಸುವುದಿಲ್ಲ, ಇರುವ ಗುಳ್ಳೆಗಳನ್ನೇ ದೊಡ್ಡದು ಮಾಡುತ್ತದೆ. ಗುಳ್ಳೆಯನ್ನು ಹಿಡಿದಿಡಬೇಕಾದರೆ ಬೆಣ್ಣೆ 18ರಿಂದ 20 ಡಿಗ್ರಿಯ ಹದದಲ್ಲಿರಬೇಕು. ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಜಿಡ್ಡು ಹೊಳೆಯಬಾರದು. ಕರಗಿದ ಬೆಣ್ಣೆಗೆ ಗಾಳಿ ಹಿಡಿಯುವ ಶಕ್ತಿಯೇ ಇಲ್ಲ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರಿಜ್ಜಿಗಿಟ್ಟು ಗಟ್ಟಿ ಮಾಡಿದರೂ ಮೊದಲಿನ ಹದ ಬರುವುದಿಲ್ಲ, ಏಕೆಂದರೆ ನೀರೂ ಕೊಬ್ಬೂ ಆಗಲೇ ಬೇರೆಬೇರೆಯಾಗಿರುತ್ತವೆ.

ನಮ್ಮ ಸೆಖೆಗೆ ಇದಕ್ಕೆ ಉಪಾಯವಿದೆ. ಬೆಂಗಳೂರು ಮೈಸೂರಿನಲ್ಲಿ ಬೆಣ್ಣೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ಹತ್ತು ನಿಮಿಷ ಹೊರಗಿಟ್ಟರೆ ಸಾಕು. ರಾಯಚೂರು ಬಳ್ಳಾರಿಯ ಬೇಸಿಗೆಯಲ್ಲಿ ಹೊರಗಿಡುವುದೇ ಬೇಡ, ಫ್ರಿಜ್ಜಿನಿಂದ ನೇರ ಬೀಟರಿನ ಕೆಳಗೆ. ಬೀಟರಿನ ತಿಕ್ಕಾಟವೇ ಮೆತ್ತಗೆ ಮಾಡುತ್ತದೆ. ಪಾತ್ರೆಯನ್ನು ತಣ್ಣೀರು ತುಂಬಿದ ಇನ್ನೊಂದು ಅಗಲ ಪಾತ್ರೆಯಲ್ಲಿ ಕೂರಿಸಿಕೊಳ್ಳಿ, ಮಿಶ್ರಣ ಬೆಳ್ಳಗಾಗಿ ಹಗುರಾಗುವ ತನಕ ಬೀಟ್ ಮಾಡಿ. ಹಾಲು, ಮೊಸರು, ಮೊಟ್ಟೆ ಯಾವುದನ್ನೂ ಫ್ರಿಜ್ಜಿನಿಂದ ತಂದು ಒಮ್ಮೆಲೇ ಸುರಿಯಬೇಡಿ. ಬೆಣ್ಣೆ ತಟಕ್ಕನೆ ಗಟ್ಟಿಯಾಗಿ ಹಿಟ್ಟು ಒಡೆದ ಹಾಲಿನಂತಾಗುತ್ತದೆ. ಇಷ್ಟೆಲ್ಲ ಬೇಡ ಎನಿಸಿದರೆ ಎಣ್ಣೆಯ ಕೇಕೇ ಮಾಡಿ, ಅದರಲ್ಲಿ ಅವಮಾನವೇನೂ ಇಲ್ಲ. ಎಣ್ಣೆಯ ಕೇಕು ಫ್ರಿಜ್ಜಿನಲ್ಲೂ ಮೆತ್ತಗಿರುತ್ತದೆ, ಬೆಣ್ಣೆಯ ಕೇಕು ಗಟ್ಟಿಯಾಗುತ್ತದೆ. ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಬೇಕು.

ಮನೆಯ ಬಿಳಿ ಬೆಣ್ಣೆಯಿಂದ ಕೇಕ್ ಮಾಡಬಹುದೇ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮಾಡಬಹುದು. ಆದರೆ ಬಿಳಿ ಬೆಣ್ಣೆಯ ನಿಜವಾದ ಜಾಗ ನನ್ನ ಪ್ರಕಾರ ಕೇಕ್ ಅಲ್ಲ, ಖಾರ ಬಿಸ್ಕತ್ತು. ಆ ಸಣ್ಣ ಹುಳಿ, ಹಸಿಮೆಣಸಿನಕಾಯಿ, ಕರಿಬೇವು ಮೂರೂ ಕೂಡಿದರೆ ಪೇಟೆಯ ಬೆಣ್ಣೆಯ ಬಿಸ್ಕತ್ತು ಪಕ್ಕಕ್ಕೆ ಬರಲಾರದು. 250 ಗ್ರಾಂ ಮೈದಾಗೆ 100 ಗ್ರಾಂ ಚೆನ್ನಾಗಿ ಹಿಂಡಿದ ತಣ್ಣನೆಯ ಬೆಣ್ಣೆ, ಎರಡು ಚಮಚ ಸಕ್ಕರೆ ಪುಡಿ, ಮುಕ್ಕಾಲು ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ. ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪನ್ನು ಆದಷ್ಟು ಸಣ್ಣಗೆ ಹೆಚ್ಚಿ, ರುಬ್ಬಬೇಡಿ, ರುಬ್ಬಿದರೆ ನೀರು ಬಿಡುತ್ತದೆ. ಬೆಣ್ಣೆಯನ್ನು ಹಿಟ್ಟಿಗೆ ಬೆರಳ ತುದಿಯಲ್ಲಿ ಉಜ್ಜುತ್ತ ಹೋದರೆ ಹಿಟ್ಟು ರೊಟ್ಟಿ ಪುಡಿಯಂತೆ ತರಿತರಿಯಾಗುತ್ತದೆ. ಅಂಗೈ ತಾಗಿಸಬೇಡಿ, ಅಂಗೈ ಬಿಸಿ. ಮೊಸರನ್ನು ಚಮಚ ಚಮಚವಾಗಿ ಹಾಕಿ, ಪಾಕದಲ್ಲಿ ಮೂರು ಚಮಚ ಎಂದಿದ್ದರೂ ಬಿಳಿ ಬೆಣ್ಣೆಗೆ ಎರಡರಲ್ಲೇ ಹಿಟ್ಟು ಕೂಡಿಕೊಳ್ಳಬಹುದು. ನಾದಬಾರದು, ಒಟ್ಟುಗೂಡಿಸಿದರೆ ಸಾಕು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಕಾಲಂಗುಲ ದಪ್ಪ ಲಟ್ಟಿಸಿ, ಕತ್ತರಿಸಿ, ಫೋರ್ಕಿನಲ್ಲಿ ಚುಚ್ಚಿ, 170 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷದ ಸುಮಾರು. ಅಂಚು ಹೊಂಬಣ್ಣಕ್ಕೆ ತಿರುಗಿದರೆ ತೆಗೆಯಿರಿ. ಬಿಸಿಯಲ್ಲಿ ಮೆತ್ತಗಿದ್ದದ್ದು ಆರಿದ ಮೇಲೆ ಗರಿಗರಿ.

ಈ ರುಚಿಯನ್ನು ನಮಗೆ ಕಲಿಸಿದ್ದು ಅಯ್ಯಂಗಾರ್ ಬೇಕರಿಗಳು. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಸಹೋದರರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆದ ಬಿ.ಬಿ. ಬೇಕರಿಯೇ ಆ ಪರಂಪರೆಯ ಮೊದಲ ಅಂಗಡಿ ಎನ್ನುತ್ತಾರೆ. ಮೊಟ್ಟೆ ಮುಟ್ಟದವರು ಬ್ರೆಡ್ಡು, ಬನ್ನು, ಬಿಸ್ಕತ್ತನ್ನು ತಮ್ಮದೇ ರೀತಿಯಲ್ಲಿ ಮಾಡಿಕೊಂಡರು. ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಖಾರಾ ಬನ್ ಎಲ್ಲವೂ ಅಲ್ಲಿಯವೇ.

ಹೆಸರಿನಲ್ಲಿ ಬೆಣ್ಣೆ ಇದ್ದ ಮಾತ್ರಕ್ಕೆ ಹಿಟ್ಟಿನಲ್ಲೂ ಇರಬೇಕೆಂದಿಲ್ಲ ಎಂಬುದು ಬೇರೆ ಮಾತು. ಬೀದಿ ಬೀದಿಯ ಬೇಕರಿಗಳಲ್ಲಿ ಬಹುಪಾಲು ಕೆಲಸ ನಡೆಯುವುದು ಮಾರ್ಗರಿನ್ ಮತ್ತು ವನಸ್ಪತಿಯಲ್ಲಿ. ಬೆಣ್ಣೆಗೆ ಅಗ್ಗದ ಬದಲಿ ಬೇಕೆಂದು ಮೂರನೇ ನೆಪೋಲಿಯನ್ ಬಹುಮಾನ ಇಟ್ಟಾಗ ಫ್ರಾನ್ಸಿನ ಮೆಜ್-ಮೂರಿಯೆ 1869ರಲ್ಲಿ ದನದ ಕೊಬ್ಬಿನಿಂದ ಮಾರ್ಗರಿನ್ ಮಾಡಿ ತೋರಿಸಿದ. ಈಗಿನದು ಸಸ್ಯದ ಎಣ್ಣೆಯದು. ನಮ್ಮಲ್ಲಿ ಡಾಲ್ಡಾ ಬಂದದ್ದು 1937ರಲ್ಲಿ. ಬೇಕರಿಯವರಿಗೆ ಬೆಲೆಯಷ್ಟೇ ಕಾರಣವಲ್ಲ. ಪಫ್ಸಿನ ಪದರ ಏಳುವುದು ಹಿಟ್ಟಿನ ನಡುವಿನ ಕೊಬ್ಬು ಓವನ್ನಿಗೆ ಹೋಗುವವರೆಗೆ ಕರಗದೆ ಇದ್ದಾಗ, ಆಮೇಲೆ ಅದರೊಳಗಿನ ನೀರು ಆವಿಯಾಗಿ ಪದರವನ್ನು ಎತ್ತಿದಾಗ. ಬೆಣ್ಣೆ 32ರಿಂದ 35 ಡಿಗ್ರಿಗೇ ಕರಗುತ್ತದೆ. ಭಟ್ಟಿ ಉರಿಯುವ ಕೋಣೆಯಲ್ಲಿ ಅದನ್ನು ಲಟ್ಟಿಸುವುದು ಸಾಹಸವೇ ಸರಿ. ಮಾರ್ಗರಿನ್ನಿನ ಕರಗುವ ಬಿಂದು ಇನ್ನೂ ಮೇಲೆ. ಅದೇ ಗುಣ ಬಾಯಲ್ಲಿ ಅವಗುಣ: ನಮ್ಮ ಮೈಬಿಸಿಗೆ ಬೆಣ್ಣೆ ಕರಗಿಹೋಗುತ್ತದೆ, ಇದು ಅಂಗುಳಿಗೆ ಮೇಣದಂತೆ ಮೆತ್ತಿಕೊಳ್ಳುತ್ತದೆ. ಪಫ್ಸ್ ತಿಂದಾದ ಮೇಲೆ ನಾಲಿಗೆಯಿಂದ ಅಂಗುಳನ್ನು ಒಮ್ಮೆ ಸವರಿ ನೋಡಿ, ತಿಳಿಯುತ್ತದೆ. ಹಿಂದೆ ಇವುಗಳಲ್ಲಿ ಟ್ರಾನ್ಸ್ ಕೊಬ್ಬಿನ ಕಾಟವೂ ಇತ್ತು. 2022ರ ಜನವರಿಯಿಂದ ಅದು 2 ಶೇಕಡ ಮೀರಬಾರದೆಂಬ ನಿಯಮ ಬಂದಿದೆ.

ಕಾವಲಿಯ ಮೇಲೆ

ದಾವಣಗೆರೆಯನ್ನು ಪತ್ರಿಕೆಯವರು ಬೆಣ್ಣೆ ನಗರಿ ಎಂದು ಬರೆಯುತ್ತಾರೆ. ಬೆಳಗಾವಿ ಸೀಮೆಯಿಂದ ಬಂದ ಚೆನ್ನಮ್ಮ ಎಂಬಾಕೆ 1928ರ ಸುಮಾರಿಗೆ ನಾಟಕದ ಥಿಯೇಟರಿನ ಹತ್ತಿರ ರಾಗಿ ದೋಸೆ ಮಾರಲು ಶುರುಮಾಡಿದರು, ಮಕ್ಕಳ ಕಾಲಕ್ಕೆ ಅದು ಅಕ್ಕಿ, ಉದ್ದು, ಮಂಡಕ್ಕಿಯ ಬೆಣ್ಣೆ ದೋಸೆಯಾಯಿತು ಎಂಬುದು ಊರಿನಲ್ಲಿ ಹೇಳುವ ಕಥೆ. ಅಲ್ಲಿನ ಹೋಟೆಲಿನಲ್ಲಿ ಒಲೆಯ ಎದುರಿನ ಟೇಬಲ್ಲೇ ಹಿಡಿಯಬೇಕು. ಸೌದೆ ಒಲೆ, ಅದರ ಮೇಲೆ ದಪ್ಪ ಕಬ್ಬಿಣದ ಹಂಚು. ಹಿಟ್ಟು ಹುಯ್ದು, ಮೇಲೆ ತೂತುಗಳು ಮೂಡಿ ಹಸಿ ಆರಿದ ಮೇಲೆಯೇ ಬೆಣ್ಣೆ ಬೀಳುತ್ತದೆ, ಮೊದಲೇ ಬೀಳುವುದಿಲ್ಲ. ಬೆಣ್ಣೆ ತೂತುಗಳಿಗೆ ಇಳಿದು ತಳ ಸೇರುತ್ತದೆ, ಅದರ ನೀರು ಚರ್ ಎಂದು ಹಾರಿಹೋಗುತ್ತದೆ, ಉಳಿದ ಹಾಲಿನಂಶ ದೋಸೆಯ ತಳದಲ್ಲಿ ಕೆಂಪಗಾಗುತ್ತದೆ. ಆ ಕೆಂಪಿನಲ್ಲೇ ರುಚಿ. ಎಣ್ಣೆಯಲ್ಲಿ ಹಾಲಿನಂಶವಿಲ್ಲ, ಎಷ್ಟು ಸುರಿದರೂ ಆ ವಾಸನೆ ಬಾರದು. ತಟ್ಟೆಗೆ ಬಂದ ಮೇಲೆ ಇನ್ನೊಂದು ಉಂಡೆ ಹಸಿ ಬೆಣ್ಣೆ, ಜೊತೆಗೆ ತೆಂಗಿನ ಚಟ್ನಿ, ಸಪ್ಪೆ ಆಲೂಗಡ್ಡೆ ಪಲ್ಯ. ಪಲ್ಯ ಸಪ್ಪೆ ಎಂದು ಗೊಣಗುವ ಬೆಂಗಳೂರಿನವರಿದ್ದಾರೆ. ಪಲ್ಯಕ್ಕೆ ಖಾರ ಹಾಕಿದರೆ ಬೆಣ್ಣೆಗೆ ಅಲ್ಲಿ ಏನು ಕೆಲಸ?

ಮನೆಯಲ್ಲಿ ದೋಸೆ ಕರಕಲಾಗುವುದು ಇದೇ ಕ್ರಮ ತಪ್ಪಿದಾಗ. ಕಾದ ಕಾವಲಿಗೆ ಮೊದಲೇ ಬೆಣ್ಣೆ ಸವರಿದರೆ ಹಿಟ್ಟು ಹುಯ್ಯುವ ಮೊದಲೇ ಹಾಲಿನಂಶ ಸುಟ್ಟು ಕಪ್ಪಾಗುತ್ತದೆ. ಬೆಣ್ಣೆ 175 ಡಿಗ್ರಿಯ ಒಳಗೇ ಹೊಗೆಯಾಡತೊಡಗುತ್ತದೆ, ತುಪ್ಪ 230 ದಾಟುವವರೆಗೂ ತಡೆಯುತ್ತದೆ. ‘ಬೆಣ್ಣೆಗೆ ಸ್ವಲ್ಪ ಎಣ್ಣೆ ಬೆರೆಸಿ, ಸುಡೋದಿಲ್ಲ’ ಎಂಬ ಸಲಹೆ ಎಲ್ಲ ಕಡೆ ಕೇಳುತ್ತದೆ, ಅದರಲ್ಲಿ ಹುರುಳಿಲ್ಲ. ಸುಡುವುದು ಹಾಲಿನಂಶ, ಅದು ಎಣ್ಣೆಯಲ್ಲಿ ತೇಲಿದರೂ ಸುಡುತ್ತದೆ. ಒಗ್ಗರಣೆಗೆ, ಹುರಿಯುವುದಕ್ಕೆ ಎಣ್ಣೆಯೋ ತುಪ್ಪವೋ ಇರಲಿ. ಬೆಣ್ಣೆ ಕೊನೆಗೆ, ಉರಿ ತಗ್ಗಿಸಿದ ಮೇಲೆ.

ಒಲೆಯನ್ನೇ ಮುಟ್ಟದ ಕಡೆ ಬೆಣ್ಣೆ ಇನ್ನೂ ಚೆಂದ. ಉತ್ತರ ಕರ್ನಾಟಕದಲ್ಲಿ ಬಿಸಿ ಜೋಳದ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಪಕ್ಕದಲ್ಲಿ ಶೇಂಗಾ ಚಟ್ನಿ ಪುಡಿ, ಹಸಿ ಉಳ್ಳಾಗಡ್ಡಿ. ಮಲೆನಾಡಿನಲ್ಲಿ ಅಕ್ಕಿ ರೊಟ್ಟಿ, ಹಳೇ ಮೈಸೂರಿನಲ್ಲಿ ರಾಗಿ ರೊಟ್ಟಿ ಹುಚ್ಚೆಳ್ಳು ಚಟ್ನಿ. ಜೋಳ, ರಾಗಿ, ಅಕ್ಕಿ ಯಾವುದರಲ್ಲೂ ಗೋಧಿಯ ಅಂಟಿಲ್ಲ. ರೊಟ್ಟಿ ಒಣಗಿ ಗಂಟಲಿಗೆ ಹಿಡಿಯುತ್ತದೆ. ಬೆಣ್ಣೆ ಅಲ್ಲಿ ಬರೀ ಸೊಗಸಿಗೆ ಬಂದದ್ದಲ್ಲ, ರೊಟ್ಟಿಯನ್ನು ಇಳಿಸುವ ಸಾಧನ.

ಕರಿದ ತಿಂಡಿಯಲ್ಲಿ ಬೆಣ್ಣೆ ಕೊಡುವ ಪರೀಕ್ಷೆ ಗಟ್ಟಿಯದು. ಗೋಕುಲಾಷ್ಟಮಿಯ ಹಿಂದಿನ ದಿನ ಎಷ್ಟೋ ಮನೆಗಳಲ್ಲಿ ‘ಚಕ್ಕುಲಿ ಎಣ್ಣೇಲಿ ಬಿಟ್ಟ ಕೂಡಲೇ ಪುಡಿಪುಡಿ ಆಯ್ತು ಕಣೇ’ ಎಂದು ಅಕ್ಕ ತಂಗಿಗೆ ಫೋನು ಮಾಡುತ್ತಾಳೆ. ಬೆಣ್ಣೆ ಹೆಚ್ಚಾಗಿದೆ ಎಂದೇ ಅರ್ಥ. ಅಕ್ಕಿಹಿಟ್ಟನ್ನು ಹಿಡಿದಿಡುವ ಅಂಟು ಉದ್ದಿನ ಹಿಟ್ಟಿನಿಂದ ಬರಬೇಕು, ಬೆಣ್ಣೆ ಆ ಹಿಡಿತವನ್ನು ಸಡಿಲ ಮಾಡುತ್ತದೆ. ಸ್ವಲ್ಪ ಸಡಿಲವಾದರೆ ಗರಿಗರಿ, ಹೆಚ್ಚು ಸಡಿಲವಾದರೆ ಎಣ್ಣೆಯ ಪಾಲು. ಹಳಬರ ಅಳತೆ ಇದು: ಒಣಹಿಟ್ಟಿಗೆ ಬೆಣ್ಣೆ ತಿಕ್ಕಿ ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ತಟ್ಟಿದರೂ ಉದುರದಿದ್ದರೆ ಇನ್ನೊಂದು ಹಿಡಿ ಹಿಟ್ಟು ಸೇರಿಸಿ. ಸ್ಕಾಟ್ಲೆಂಡಿನ ಶಾರ್ಟ್‌ಬ್ರೆಡ್ಡಿಗೂ ಹಿಟ್ಟಿಗೆ ಬೆಣ್ಣೆ ಹೀಗೆಯೇ ತಿಕ್ಕುತ್ತಾರೆ.

ತುಪ್ಪ ಹೇಳುವ ಲೆಕ್ಕ

ಆರೋಗ್ಯದ ಮಾತನ್ನು ಬೇಗ ಮುಗಿಸೋಣ. ಬೆಣ್ಣೆಯ ಅರ್ಧದಷ್ಟು ತೂಕ ಸ್ಯಾಚುರೇಟೆಡ್ ಕೊಬ್ಬು. ದಿನದ ಕ್ಯಾಲರಿಯಲ್ಲಿ ಅದರ ಪಾಲು 10 ಶೇಕಡ ಮೀರದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅಂದರೆ 2000 ಕ್ಯಾಲರಿ ತಿನ್ನುವವರಿಗೆ ಸುಮಾರು 22 ಗ್ರಾಂ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ 7 ಗ್ರಾಂ ಇರುತ್ತದೆ. ಅಮೃತವೆಂದು ಬೊಗಸೆಯಲ್ಲಿ ತಿನ್ನಿ ಎನ್ನುವ ಈಚಿನ ಯೂಟ್ಯೂಬ್ ಪಂಡಿತರನ್ನೂ, ವಿಷವೆಂದು ಹೆದರಿಸುವವರನ್ನೂ ನಾನು ನಂಬುವುದಿಲ್ಲ. ದಿನವೂ ಒಂದು ಚಮಚ, ಹಬ್ಬಕ್ಕೆ ಕೈಬಿಚ್ಚಿ. ಹೃದಯದ ತೊಂದರೆ ಇರುವವರು ವೈದ್ಯರ ಮಾತು ಕೇಳಲಿ.

ಕಡೆದ ಬೆಣ್ಣೆಯನ್ನು ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು ದಿನಾ ನೀರು ಬದಲಿಸಿದರೆ ನಾಲ್ಕಾರು ದಿನ ತಾಜಾ ಇರುತ್ತದೆ. ಬೇಕಿಂಗಿಗೆ ಎತ್ತಿಡುವುದಾದರೆ ನೀರಿನಲ್ಲಿಡದೆ ಒತ್ತಿ, ಬಟರ್ ಪೇಪರಿನಲ್ಲಿ ಸುತ್ತಿ ಫ್ರೀಜರಿಗೆ. ಹೇಗಿಟ್ಟರೂ ಮುಚ್ಚಿಡಿ. ಅರ್ಧ ಕೊಯ್ದ ಈರುಳ್ಳಿಯೋ ಹಲಸಿನ ತೊಳೆಯೋ ಪಕ್ಕದಲ್ಲಿದ್ದರೆ ಬೆಳಿಗ್ಗೆಯ ಬ್ರೆಡ್ಡು ಅದರ ಸುದ್ದಿ ಹೇಳುತ್ತದೆ.

ಉಳಿದದ್ದನ್ನು ಕಾಯಿಸಿ. ತಳ ದಪ್ಪದ ಪಾತ್ರೆ, ಸಣ್ಣ ಉರಿ. ಮೊದಲು ಜೋರಾಗಿ ಕೊತಕೊತ ಸದ್ದು, ದೊಡ್ಡ ನೊರೆ. ಅದು ನೀರು ಹೋಗುವ ಗದ್ದಲ. ನೀರು ಮುಗಿಯುವ ತನಕ ಬಿಸಿ 100 ಡಿಗ್ರಿಯನ್ನು ಹೆಚ್ಚು ದಾಟುವುದಿಲ್ಲ, ಹಾಗಾಗಿ ಆಗ ಸೀಯುವ ಭಯವಿಲ್ಲ, ಬೇರೆ ಕೆಲಸ ಮಾಡಿಕೊಳ್ಳಬಹುದು. ಸದ್ದು ತಗ್ಗಿ ನೊರೆ ಸಣ್ಣಗಾದಾಗ ಒಲೆ ಬಿಟ್ಟು ಕದಲಬೇಡಿ. ತಳದ ಗಸಿ ಕೆನೆಬಣ್ಣದಿಂದ ಹೊಂಬಣ್ಣಕ್ಕೆ ತಿರುಗಿದ ಕ್ಷಣ ಒಂದು ವೀಳ್ಯದೆಲೆಯನ್ನೋ ಎರಡು ಎಸಳು ಕರಿಬೇವು ಅಥವಾ ನುಗ್ಗೆಸೊಪ್ಪನ್ನೋ ಹಾಕಿ ಇಳಿಸಿ. ಎಲೆ ಹಾಕುವುದು ಬರೀ ಘಮಕ್ಕೆ ಎಂದುಕೊಂಡಿದ್ದವರಿಗೆ ಒಂದು ಮಾತು: ವೀಳ್ಯದೆಲೆ ಮತ್ತು ಕರಿಬೇವಿನ ಅಂಶಗಳು ತುಪ್ಪ ಕಮಟುವುದನ್ನು ನಿಧಾನ ಮಾಡುತ್ತವೆ ಎಂದು ನಮ್ಮ ಹೈನು ವಿಜ್ಞಾನಿಗಳು ಪರೀಕ್ಷಿಸಿ ತೋರಿಸಿದ್ದಾರೆ. ಗಸಿಯನ್ನು ಸಕ್ಕರೆ ಬೆರೆಸಿ ಮಕ್ಕಳಿಗೆ ಕೊಡುವುದು ಹಳೆಯ ರೂಢಿ, ಚಪಾತಿ ಹಿಟ್ಟಿಗೆ ನಾದಿದರೂ ಚೆನ್ನ. ಫ್ರೆಂಚ್ ಅಡುಗೆಯವರು ಇದೇ ಹೊಂಬಣ್ಣದ ಹಂತದಲ್ಲಿ, ಗಸಿಯನ್ನು ಸೋಸದೆ, ಬೆಣ್ಣೆಯನ್ನು ಕೇಕಿಗೆ ಸುರಿಯುತ್ತಾರೆ. ನಿಮ್ಮ ಬಿಸ್ಕತ್ತಿಗೂ ಒಮ್ಮೆ ಹಾಗೆ ಮಾಡಿ ನೋಡಿ.

ಸಂತೆಯಲ್ಲೋ ಪರಿಚಯದ ಗೌಳಿಗರ ಹತ್ತಿರವೋ ಬಿಡಿ ಬೆಣ್ಣೆ ಕೊಳ್ಳುವವರಿಗೆ ಎರಡು ಕಿವಿಮಾತು. ಆಲೂಗಡ್ಡೆ, ಹಿಟ್ಟು ಬೆರೆಸಿದ್ದಾರೆಂಬ ಅನುಮಾನವಿದ್ದರೆ ಅರ್ಧ ಚಮಚ ಬೆಣ್ಣೆಗೆ ಎರಡು ಮೂರು ಹನಿ ಟಿಂಚರ್ ಅಯೋಡಿನ್ ಹಾಕಿ, ನೀಲಿಯಾದರೆ ಬೆರಕೆ. ನೀರಿನ ಮೋಸಕ್ಕೆ ಅಯೋಡಿನ್ ಬೇಡ, ತಕ್ಕಡಿ ಸಾಕು. ಒಂದು ಕಿಲೊ ಬೆಣ್ಣೆ ಕಾಯಿಸಿದರೆ ಗಸಿ ಕಳೆದು ಮುಕ್ಕಾಲು ಕಿಲೊದಷ್ಟು ತುಪ್ಪ ಸಿಗಬೇಕು. 700 ಗ್ರಾಂಗಿಂತ ಕಡಿಮೆ ಬಂದರೆ ನೀವು ದುಡ್ಡು ಕೊಟ್ಟು ನೀರು ತಂದಿದ್ದೀರಿ, ಮುಂದಿನ ವಾರ ಬೇರೆಯವರ ಹತ್ತಿರ ಕೊಳ್ಳಿ.